ಕಾಸಿದ ತೊಗಲು, ಬಿಗಿದ ಫೈಬರ್: ಬಳ್ಳಾರಿ ಸೀಮೆಯ ಹಲಗೆ ಮತ್ತು ಹಳೆಯ ನಾದದ ಹಂಬಲ

ಬಳ್ಳಾರಿ, ಕುರುಗೋಡು, ಸಿರುಗುಪ್ಪದ ಜಾತ್ರೆ, ಮೊಹರಂ, ಮದುವೆ ಮೆರವಣಿಗೆಗಳಲ್ಲಿ ಈಗ ಎರಡು ಬಗೆಯ ಹಲಗೆ ವಾದ್ಯಗಳು ಕೇಳಿಸುತ್ತವೆ. ಒಂದು ತೊಗಲಿನದು. ಬಾರಿಸುವ ಮೊದಲು ಹುಲ್ಲು, ಕಾಗದ, ಕಡ್ಡಿ ಒಟ್ಟಿ ಬೆಂಕಿ ಹಚ್ಚಿ ಅದನ್ನು ಕಾಸಬೇಕು. ಇನ್ನೊಂದು ಪ್ಲಾಸ್ಟಿಕ್ ಹಾಳೆಯದು, ಜನರ ಬಾಯಲ್ಲಿ ‘ಫೈಬರ್’. ಅದರ ಸುತ್ತ ನಟ್ಟು ಬೋಲ್ಟು ಇರುತ್ತವೆ, ಬಿಗಿ ಮಾಡಲು ಪಾನಾ ಸಾಕು. ಮಳೆ ಬಂದರೂ ಅದರ ದನಿ ಇಳಿಯುವುದಿಲ್ಲ. ಹಿರಿಯ ಕೇಳುಗರಿಗೆ ಎರಡನೆಯದು ಡಬ್ಬ ಬಡಿದಂತೆ ಕೇಳುತ್ತದೆ, ಬಾರಿಸುವ ಹುಡುಗರಿಗೆ ಮೊದಲನೆಯದು ಹೊರೆಯಾಗಿ ಕಾಣುತ್ತದೆ.

ಹಳೆಯದರ ನಾದವೇ ಚೆಂದವೋ, ಹಳೆಯದೆಂಬ ಕಾರಣಕ್ಕೆ ಚೆಂದ ಅನ್ನಿಸುತ್ತದೆಯೋ? ಪಶ್ಚಿಮದ ಡ್ರಮ್ ಸೆಟ್ ನುಡಿಸುವವರೂ ಇದೇ ಪ್ರಶ್ನೆಯ ಮೇಲೆ ದಶಕಗಳಿಂದ ವಾದಿಸುತ್ತಿದ್ದಾರೆ. ಬಳ್ಳಾರಿಯಲ್ಲಿ ಈ ಪ್ರಶ್ನೆಗೆ ಭೌತವಿಜ್ಞಾನ ಮತ್ತು ನೆನಪಿನ ಜೊತೆಗೆ ಜಾತಿ, ಕೂಲಿ, ಬೆಂಕಿ, ಹೆಗಲುಗಳೂ ಸೇರಿಕೊಂಡಿವೆ. ಈ ವಾದದಲ್ಲಿರುವ ಪಕ್ಷಗಳು ಯಾವುವು, ಪ್ರತಿಯೊಂದೂ ಏನನ್ನು ವಿವರಿಸುತ್ತದೆ, ಎಲ್ಲಿ ಸೋಲುತ್ತದೆ ಎಂದು ಒಂದೊಂದಾಗಿ ನೋಡೋಣ.

ಕಲ್ಲಿನಿಂದ ಪ್ಯಾಡಿನವರೆಗೆ

ಈ ಸೀಮೆಯಲ್ಲಿ ತಾಳದ ಇತಿಹಾಸ ತೊಗಲಿಗಿಂತ ಮೊದಲು ಕಲ್ಲಿನಲ್ಲಿ ಸಿಗುತ್ತದೆ. ಬಳ್ಳಾರಿ ಹೊರವಲಯದ ಸಂಗನಕಲ್ಲು–ಕುಪ್ಪಗಲ್ಲು ಬೆಟ್ಟಗಳು ನವಶಿಲಾಯುಗದ ನೆಲೆ. ಅಲ್ಲಿನ ಬಂಡೆಗೀರು ಚಿತ್ರಗಳ ಬಗ್ಗೆ ಫ್ರೆಡ್ ಫಾಸೆಟ್ 1892ರಲ್ಲೇ ಬರೆದಿದ್ದ. 2004ರಲ್ಲಿ ಪುರಾತತ್ವಜ್ಞೆ ನಿಕೋಲ್ ಬೋಯ್ವಿನ್ ಪ್ರಕಟಿಸಿದ ಅಧ್ಯಯನ ಆ ಚಿತ್ರಗಳ ನಡುವಿನ ಕೆಲವು ಕರಿ ಡಾಲರೈಟ್ ಗುಂಡುಗಳತ್ತ ಗಮನ ಸೆಳೆಯಿತು. ಅವುಗಳ ಮೇಲೆ ಬಡಿದು ಬಡಿದು ಸವೆದ ಕುಳಿಗಳಿವೆ. ಸಣ್ಣ ಕಲ್ಲಿನಿಂದ ತಟ್ಟಿದರೆ ಜಾಗಟೆಯಂಥ ದನಿ ಹೊರಡುತ್ತದೆ. ನಮಗೆ ಗೊತ್ತಿರುವಂತೆ ಬಳ್ಳಾರಿಯ ಅತಿ ಹಳೆಯ ತಾಳವಾದ್ಯ ಅದು. ಅದನ್ನು ಕಾಸಬೇಕಿಲ್ಲ, ಬಿಗಿಯಬೇಕಿಲ್ಲ, ಮಳೆಗಾಲದ ಚಿಂತೆಯೂ ಇಲ್ಲ. ಆ ದೃಷ್ಟಿಯಿಂದ ನೋಡಿದರೆ ತೊಗಲಿನ ವಾದ್ಯವೇ ನಡುವೆ ಬಂದ ಹೊಸಬ.

ಆ ಹೊಸಬನ ಸಂತತಿ ಇಲ್ಲಿ ದೊಡ್ಡದು. ಕುರುಬರ ಬೀರದೇವರ ಮುಂದೆ ಡೊಳ್ಳು, ವೀರಶೈವ ಮೆರವಣಿಗೆಯಲ್ಲಿ ಸಮಾಳ, ಬಯಲಾಟಕ್ಕೆ ಮದ್ದಳೆ, ಜಾತ್ರೆಗೆ ತಾಷಾ ರಾಂಡೋಲು, ಎಲ್ಲಮ್ಮನ ಜೋಗತಿಯರ ಕೈಯಲ್ಲಿ ಚೌಡಿಕೆ. ಈಗಿನ ಕುರುಗೋಡು ತಾಲ್ಲೂಕಿನ ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿ ಆ ಕಲೆಯ ಹಾದಿಯಲ್ಲೇ ನಡೆದು 2021ರಲ್ಲಿ ಪದ್ಮಶ್ರೀ ಪಡೆದರು. ಸಂಡೂರು ತಾಲ್ಲೂಕಿನ ದರೋಜಿ ಈರಮ್ಮ 2014ರಲ್ಲಿ ತೀರಿಕೊಳ್ಳುವವರೆಗೆ ಬುರ್ರಕಥೆಯ ದೊಡ್ಡ ಹೆಸರಾಗಿದ್ದರು. ಬುರ್ರಕಥೆಯ ಚಿಕ್ಕ ಚರ್ಮವಾದ್ಯಗಳು ಮಣ್ಣಿನ ಮೈಯಲ್ಲೂ ಸಿಗುತ್ತವೆ, ಲೋಹದ ಮೈಯಲ್ಲೂ ಸಿಗುತ್ತವೆ. ಅಂದರೆ ಒಂದು ವಸ್ತು ಬಿಟ್ಟು ಇನ್ನೊಂದನ್ನು ಹಿಡಿಯುವುದು ಫೈಬರಿನಿಂದ ಶುರುವಾದದ್ದಲ್ಲ.

ಇವೆಲ್ಲದರ ನಡುವೆ ಹಲಗೆ ಎಲ್ಲರ ಮನೆ ಮುಂದೆಯೂ ಕೇಳುವ, ಆದರೆ ಎಲ್ಲರ ಮನೆಯೊಳಗೆ ಬಾರದ ವಾದ್ಯ. ಬಹುಪಾಲು ಮಾದಿಗ ಸಮುದಾಯದವರು ಅದನ್ನು ಹೊತ್ತು ಬಂದರು. ಹಬ್ಬ, ಹೆಣ, ಡಂಗುರ, ಮೊಹರಂನ ಅಲಾಯಿ ದೇವರ ಸವಾರಿ, ಎಲ್ಲಕ್ಕೂ ಅದೇ ಬೇಕು. ಗಡಿಯಾಚೆ ಆದೋನಿ, ಕರ್ನೂಲು ಕಡೆ ಇದರ ಒಡಹುಟ್ಟಿಗೆ ಡಪ್ಪು ಎನ್ನುತ್ತಾರೆ. 1953ರವರೆಗೆ ಮದ್ರಾಸ್ ಆಡಳಿತದಲ್ಲಿದ್ದ ಬಳ್ಳಾರಿಯಲ್ಲಿ ಎರಡೂ ಹೆಸರು ಪರಿಚಿತ.

ಬ್ರಿಟಿಷರ ಕಾಲದಲ್ಲಿ ಬಳ್ಳಾರಿಯೂ ದಂಡಿನ ಊರು. ದೇಶದ ಎಲ್ಲ ಕಡೆಯಂತೆ ಪಲ್ಟನ್ನಿನ ವಾದ್ಯಗಳು ಮದುವೆಯ ಬ್ಯಾಂಡ್ ಸೆಟ್ಟಿಗೆ ಇಳಿದವು. ಆಮೇಲೆ ನಾಟಕ ಕಂಪನಿಗಳ ಹಾರ್ಮೋನಿಯಂ–ತಬಲಾ ಜೋಡಿಗೆ ಕ್ಯಾಸಿಯೊ ಮತ್ತು ರಿದಂ ಪ್ಯಾಡ್ ಸೇರಿದವು. ರೋಲಂಡ್ ಕಂಪನಿ 1985ರಲ್ಲಿ ಆಕ್ಟೋಪ್ಯಾಡ್ ತಂದ ಮೇಲೆ ಎಂಟು ರಬ್ಬರ್ ಚೌಕಗಳಲ್ಲಿ ಡೋಲು, ಡ್ರಮ್ಸ್, ಹಲಗೆ ಎಲ್ಲವೂ ಅಡಗಿದವು. ಹಳ್ಳಿ ನಾಟಕದ ಕರಪತ್ರದಲ್ಲಿ ಇವತ್ತು ಪ್ಯಾಡ್ ನುಡಿಸುವವರ ಹೆಸರಿಗೂ ಒಂದು ಸಾಲು ಮೀಸಲು.

ಡ್ರಮ್ ಸೆಟ್ಟಿನ ಲೋಕದಲ್ಲಿ ಇದೇ ವಾದ

ಪಶ್ಚಿಮದಲ್ಲೂ ಡ್ರಮ್ಮಿಗೆ ಹೊದಿಸುತ್ತಿದ್ದದ್ದು ಕರುವಿನ ತೊಗಲನ್ನೇ. ಮಳೆಗೆ ಸಡಿಲ, ಬಿಸಿಲಿಗೆ ಬಿಗಿ ಎಂಬ ಗೋಳು ಅವರಿಗೂ ಇತ್ತು. 1950ರ ದಶಕದಲ್ಲಿ ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆ ಬಂತು. ಚಿಕ್ ಇವಾನ್ಸ್ ಮತ್ತು ರೆಮೋ ಬೆಲ್ಲಿ ಅದನ್ನು ಡ್ರಮ್ಮಿನ ಹೊದಿಕೆಯಾಗಿ ಮಾರುಕಟ್ಟೆಗೆ ತಂದರು. 1957ರಲ್ಲಿ ರೆಮೋ ಕಂಪನಿ ಶುರುವಾಯಿತು. ಕೆಲವೇ ವರ್ಷಗಳಲ್ಲಿ ತೊಗಲು ಬಹುತೇಕ ಮರೆಯಾಯಿತು. 1964ರ ಫೆಬ್ರವರಿಯಲ್ಲಿ ಬೀಟಲ್ಸ್ ತಂಡದ ರಿಂಗೋ ಸ್ಟಾರ್ ಅಮೆರಿಕದ ಟಿ.ವಿ.ಯಲ್ಲಿ ಲುಡ್ವಿಗ್ ಡ್ರಮ್ಸ್ ಬಾರಿಸಿದ ಮೇಲೆ ಆ ಕಂಪನಿಯ ಸೆಟ್ಟುಗಳಿಗೆ ಬೇಡಿಕೆ ಉಕ್ಕಿತು.

ಇವತ್ತು ಅಲ್ಲಿನ ಹಳೆ ವಾದ್ಯದ ಅಭಿಮಾನಿಗಳು ಹುಡುಕುವುದು ಆ ಕಾಲದ ಸೆಟ್ಟುಗಳನ್ನೇ. ಅವುಗಳ ಮರದ ಮೈ ತೆಳು. ಹಾಳೆ ಕೂರುವ ಅಂಚು ದುಂಡಗಿತ್ತು. ದುಂಡಂಚು ಹಾಳೆಯನ್ನು ಹೆಚ್ಚು ಅಗಲಕ್ಕೆ ತಾಗಿ ಮೇಲಿನ ಸ್ವರಗಳನ್ನು ಬೇಗ ನುಂಗುತ್ತದೆ. ಈಗಿನ ಸೆಟ್ಟುಗಳಲ್ಲಿ ಅಂಚನ್ನು ಸಾಮಾನ್ಯವಾಗಿ 45 ಡಿಗ್ರಿಗೆ ಚೂಪಾಗಿ ಕಡಿಯುತ್ತಾರೆ; ದನಿ ಹೆಚ್ಚು ಹೊತ್ತು ನಿಲ್ಲುತ್ತದೆ, ಹೆಚ್ಚು ಸ್ಪಷ್ಟವಾಗಿ ಹರಡುತ್ತದೆ. ಹಳೆಯದು ‘ಮೆತ್ತಗೆ, ಬೆಚ್ಚಗೆ’ ಕೇಳುತ್ತದೆ ಎಂಬ ಮಾತಿಗೆ ಹೀಗೆ ಒಂದು ಭೌತಿಕ ಕಾರಣ ಇದೆ.

ಆದರೆ ಆ ‘ಹಳೆಯ ಬೆಚ್ಚನೆಯ ದನಿ’ ಬಹುಮಟ್ಟಿಗೆ ಪ್ಲಾಸ್ಟಿಕ್ ಹಾಳೆಯದೇ. ಬಳ್ಳಾರಿಯ ಹಿರಿಯರು ನಾದಗೆಟ್ಟದ್ದು ಎನ್ನುವ ವಸ್ತುವನ್ನೇ ಅಲ್ಲಿಯವರು ಕಳೆದುಹೋದ ಚಿನ್ನವೆಂದು ಹುಡುಕುತ್ತಿದ್ದಾರೆ. ಹಂಬಲಕ್ಕೆ ಇಂಥದೇ ವಸ್ತು ಬೇಕೆಂದಿಲ್ಲ, ಒಂದು ಕಾಲ ಸಿಕ್ಕರೆ ಸಾಕು.

ಇನ್ನೊಂದು ವ್ಯತ್ಯಾಸವೂ ಇದೆ. ಅಲ್ಲಿ ಹಳೆಯದೆಂದರೆ ಅರವತ್ತು ವರ್ಷದ ಹಿಂದೆ ತಯಾರಾದ ವಾದ್ಯ. ಇಲ್ಲಿ ತೊಗಲಿನ ಹಲಗೆಯ ಬಳೆ ಹಳೆಯದಿರಬಹುದು, ತೊಗಲು ಹರಿದಂತೆಲ್ಲ ಹೊಸದಾಗುತ್ತದೆ. ಹಾಗಾಗಿ ನಮ್ಮಲ್ಲಿ ಹಳೆಯ ಹಲಗೆ ಎಂದರೆ ಹಳೆಯ ವಸ್ತುವಲ್ಲ, ಹಳೆಯ ವಿಧಾನ. ಅದನ್ನು ಕೊಂಡು ಗಾಜಿನ ಕಪಾಟಿನಲ್ಲಿಟ್ಟು ಉಳಿಸಲಾಗದು. ಹದ ಮಾಡಿ ಮುಚ್ಚುವ ಕೈ ಇರುವವರೆಗೆ ಮಾತ್ರ ಅದು ಇರುತ್ತದೆ.

ಮೊದಲ ಪಕ್ಷ: ನಾದ ವಸ್ತುವಿನಲ್ಲೇ ಇದೆ

ಈ ಪಕ್ಷದ ಬಲ ವಿಜ್ಞಾನ. ಉರುಟು ಪೊರೆಯೊಂದನ್ನು ಬಿಗಿದು ತಟ್ಟಿದರೆ ಅದರ ಕಂಪನಗಳು ತಂತಿಯಂತೆ 1, 2, 3 ಎಂಬ ಸರಳ ಲೆಕ್ಕದಲ್ಲಿ ಬರುವುದಿಲ್ಲ; 1, 1.59, 2.14, 2.30 ಎಂದು ಅಡ್ಡಾದಿಡ್ಡಿ ಏರುತ್ತವೆ. ಅದಕ್ಕೇ ಬರಿಯ ಪೊರೆಗೆ ಖಚಿತ ಶ್ರುತಿ ಇಲ್ಲ. ಮೃದಂಗ, ತಬಲಾಗಳಲ್ಲಿ ನಡುವೆ ಹಚ್ಚುವ ಕರಣೆಯ ಭಾರ ಈ ಅಡ್ಡಾದಿಡ್ಡಿಯನ್ನು ತಿದ್ದುತ್ತದೆ ಎಂದು ಸಿ.ವಿ. ರಾಮನ್ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಶಿವಕಾಳಿ ಕುಮಾರ್ ಜೊತೆ ಬರೆದರು. 1934ರಲ್ಲಿ ಬೆಂಗಳೂರಿನಿಂದ ಅದನ್ನೇ ವಿಸ್ತರಿಸಿ, ಒಂಬತ್ತು ಬಗೆಯ ಕಂಪನಗಳು ಹೇಗೆ ಐದು ಸುಸ್ವರಗಳಾಗಿ ಕೂಡಿಕೊಳ್ಳುತ್ತವೆ ಎಂದು ತೋರಿಸಿದರು. ಪೊರೆಯ ಮೇಲೆ ಭಾರ ಎಲ್ಲಿದೆ, ಎಷ್ಟಿದೆ ಎಂಬುದೇ ದನಿಯ ಗುಣ ಕಟ್ಟುತ್ತದೆ ಎಂಬುದು ಅಲ್ಲಿನ ಪಾಠ.

ಹಲಗೆಗೆ ಕರಣೆ ಇಲ್ಲ. ಆದರೆ ತೊಗಲು ಪ್ಲಾಸ್ಟಿಕ್ಕಿನಂತೆ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ, ನಾರುನಾರಾಗಿರುತ್ತದೆ. ಈ ನಾರು ಮೇಲಿನ ಚೂಪು ಸ್ವರಗಳನ್ನು ಬೇಗ ತಿಂದುಹಾಕಿ ಪೆಟ್ಟಿನ ಹಿಂದೆ ಒಂದು ಒಣ, ಗಟ್ಟಿ ದನಿಯನ್ನು ಉಳಿಸುತ್ತದೆ. ಪ್ಲಾಸ್ಟಿಕ್ ಹಾಳೆ ತೆಳು ಮತ್ತು ಸಮ. ಅದರೊಳಗೆ ಶಕ್ತಿ ಅಷ್ಟು ಬೇಗ ಕರಗುವುದಿಲ್ಲ, ಆದ್ದರಿಂದ ಗಿಣಿಗುಟ್ಟುತ್ತದೆ. ಹಲಗೆಯ ಹಿಂಬದಿ ತೆರೆದಿರುವುದರಿಂದ ತಗ್ಗಿನ ಸ್ವರ ಮೊದಲೇ ಕಡಿಮೆ. ಡೊಳ್ಳಿನಲ್ಲಾದರೆ ಎರಡು ಮುಖಗಳ ನಡುವಿನ ಗಾಳಿ ಜೊತೆಗೂಡಿ ಆ ಕೊರತೆ ತುಂಬುತ್ತದೆ. ಹಾಗಾಗಿ ಪೊರೆಯ ಬದಲಾವಣೆ ಹಲಗೆಯಲ್ಲಿ ಬೆತ್ತಲಾಗಿ ಕೇಳುತ್ತದೆ.

ಈ ಪಕ್ಷ ವ್ಯತ್ಯಾಸವನ್ನು ವಿವರಿಸುತ್ತದೆ, ಶ್ರೇಷ್ಠತೆಯನ್ನಲ್ಲ. ಗಿಣಿಗುಟ್ಟುವುದು ದೋಷವೋ ಗುಣವೋ ಎಂದು ಸಮೀಕರಣ ಹೇಳಲಾರದು.

ಎರಡನೆಯ ಪಕ್ಷ: ವಸ್ತುವಲ್ಲ, ಹದ

ಬಾರಿಸುವವರಲ್ಲಿ ಅನೇಕರು ಇಲ್ಲಿ ನಿಲ್ಲುತ್ತಾರೆ. ಇವರ ಪ್ರಕಾರ ನಾವು ತೊಗಲಿನ ದನಿ ಎನ್ನುವುದರಲ್ಲಿ ಅರ್ಧ ಬೆಂಕಿಯ ದನಿ. ತೊಗಲು ಗಾಳಿಯ ತೇವ ಹೀರಿ ಸಡಿಲಾಗುತ್ತದೆ, ಕಾಸಿದಾಗ ತೇವ ಹೋಗಿ ಬಿಗಿಯುತ್ತದೆ. ಬಿಗಿತ ನಾಲ್ಕು ಪಟ್ಟಾದರೆ ಸ್ವರ ಎರಡು ಪಟ್ಟು ಮೇಲೇರುತ್ತದೆ. ಬಾರಿಸುತ್ತ ಬಾರಿಸುತ್ತ ತೊಗಲು ತಣ್ಣಗಾಗಿ ದನಿ ಮೆಲ್ಲಗೆ ಇಳಿಯುತ್ತದೆ, ಮತ್ತೆ ಕಾಸಬೇಕು. ತೊಗಲಿನ ಹಲಗೆಗೆ ಒಂದು ದನಿ ಇಲ್ಲ. ಒಂದೇ ರಾತ್ರಿಯಲ್ಲಿ ಏರಿ ಇಳಿಯುವ ಹಲವು ದನಿಗಳಿವೆ.

ಇದಕ್ಕೆ ನೆಲದ ಹವೆಯೂ ಸೇರುತ್ತದೆ. ಬಳ್ಳಾರಿ ಒಣ ಸೀಮೆ. ವರ್ಷದ ಮಳೆ 500 ಮಿಲಿಮೀಟರಿನ ಆಸುಪಾಸು, ಏಪ್ರಿಲ್–ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಬೇಸಿಗೆಯ ಜಾತ್ರೆಯಲ್ಲಿ ತೊಗಲಿಗೆ ಬಿಸಿಲೇ ಅರ್ಧ ಬೆಂಕಿ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಕಾಲುವೆ ನೀರು ಹರಿದ ಮೇಲೆ ಸಿರುಗುಪ್ಪದ ಸುತ್ತ ಭತ್ತದ ಗದ್ದೆ ಹಬ್ಬಿತು. ನೀರು ನಿಂತ ಗದ್ದೆಯ ನಡುವೆ ಮಳೆಗಾಲದ ರಾತ್ರಿ ಬಾರಿಸುವ ಹಲಗೆಗೂ, ಕುರುಗೋಡಿನ ಗುಡ್ಡದ ಬುಡದಲ್ಲಿ ಬೇಸಿಗೆಯಲ್ಲಿ ಬಾರಿಸುವುದಕ್ಕೂ ಕಾಸುವ ಕೆಲಸ ಒಂದೇ ಆಗದು.

ಹದದ ಪಕ್ಷಕ್ಕೆ ಒಂದು ಒಳ್ಳೆಯ ಸಾಕ್ಷಿ ಶಾಸ್ತ್ರೀಯ ಸಂಗೀತದಲ್ಲಿದೆ. ಬೆಂಗಳೂರಿನ ಎಂಜಿನಿಯರ್, ಗಾಯಕ ಕೆ. ವರದರಂಗನ್ ತೊಗಲಿಲ್ಲದ ಮೃದಂಗವನ್ನು ರೂಪಿಸಿದರು. ಅದರ ಮೈ ಫೈಬರ್ ಗ್ಲಾಸಿನದು, ಮುಖ ಪಾಲಿಯೆಸ್ಟರಿನದು. ಹೊಸ ವಸ್ತುವನ್ನೂ ಹಳೆಯ ಕಿವಿಗೆ ತಕ್ಕಂತೆ ಪಳಗಿಸಬಹುದು ಎಂಬ ನಂಬಿಕೆಯ ಕೆಲಸವಿದು. ಫೈಬರ್ ಹಲಗೆಗೆ ಅಷ್ಟು ತಲೆ ಕೆಡಿಸಿಕೊಂಡವರು ವಿರಳ. ಬಂದದ್ದನ್ನು ಬಂದಂತೆ, ಅತಿ ಬಿಗಿಯಾಗಿ ಕಟ್ಟಿ ಬಾರಿಸುತ್ತಾರೆ. ಹಾಗಿರುವಾಗ ತಪ್ಪು ಹಾಳೆಯದೋ, ಹದ ಹುಡುಕದವರದೋ? ಈ ಪ್ರಶ್ನೆ ನ್ಯಾಯವಾದದ್ದು.

ಈ ಪಕ್ಷದ ಮಿತಿ ಎಂದರೆ, ಹದ ಎಷ್ಟೇ ತಿದ್ದಿದರೂ ಪ್ಲಾಸ್ಟಿಕ್ ಏರಿಳಿಯುವುದಿಲ್ಲ. ಸ್ಥಿರತೆಯೇ ಅದರ ಗುಣ. ಆರಿ ಮತ್ತೆ ಏರುವ ದನಿಯೇ ರುಚಿಯಾಗಿದ್ದವರಿಗೆ ಅದನ್ನು ಪಾನಾದಿಂದ ಕೊಡಲಾಗದು.

ಮೂರನೆಯ ಪಕ್ಷ: ಕಿವಿಯ ನೆನಪು

ದೂರದ ಬೆಟ್ಟ ನುಣ್ಣಗೆ ಎಂಬುದು ಈ ಪಕ್ಷದ ಸಾರ. ಹದಿಹರೆಯದಿಂದ ಇಪ್ಪತ್ತರ ಆಸುಪಾಸಿನವರೆಗೆ ಕೇಳಿದ ಸಂಗೀತ ಜೀವನವಿಡೀ ಹೆಚ್ಚು ಗಾಢವಾಗಿ ಉಳಿಯುತ್ತದೆ ಎಂಬುದನ್ನು ಮನೋವಿಜ್ಞಾನಿಗಳು ಮತ್ತೆ ಮತ್ತೆ ಕಂಡಿದ್ದಾರೆ. ಪದೇ ಪದೇ ಎದುರಾದದ್ದು ಬರಬರುತ್ತ ಇಷ್ಟವಾಗುತ್ತದೆ ಎಂದು ಮನೋವಿಜ್ಞಾನಿ ರಾಬರ್ಟ್ ಝೈಯಾನ್ಸ್ 1968ರಲ್ಲಿ ತೋರಿಸಿದ. ಮೊಹರಂ ರಾತ್ರಿಯ ಹಲಗೆ, ಅಲಾಯಿ ಕುಣಿಯ ಸುತ್ತಿನ ಹೆಜ್ಜೆ, ಊದಿನ ಹೊಗೆ ಇವೆಲ್ಲ ಒಟ್ಟಿಗೆ ಮನಸ್ಸಿಗಿಳಿದವನಿಗೆ ಹಲಗೆಯ ದನಿಯನ್ನು ಮಾತ್ರ ಬಿಡಿಸಿ ತೂಗಲು ಆದೀತೆ?

ಪಿಟೀಲಿನ ಲೋಕ ಇದನ್ನು ಪರೀಕ್ಷೆಗೇ ಒಡ್ಡಿತು. ಸಂಶೋಧಕಿ ಕ್ಲಾಡಿಯಾ ಫ್ರಿಟ್ಝ್ ಮತ್ತು ಸಂಗಡಿಗರು ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ 21 ಮಂದಿ ನುಡಿಸುಗಾರರಿಗೆ, ವಾದ್ಯ ಕಾಣದಂತೆ ಮಾಡಿ, ಸ್ಟ್ರಾಡಿವೇರಿಯಸ್‌ನಂಥ ಹಳೆಯ ಪಿಟೀಲುಗಳನ್ನೂ ಹೊಸವನ್ನೂ ಕೊಟ್ಟರು. 2012ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಹೆಚ್ಚಿನವರ ಒಲವು ಹೊಸದರ ಕಡೆಗಿತ್ತು. 2014ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ಹತ್ತು ಮಂದಿ ಹೆಸರಾಂತ ಕಲಾವಿದರಲ್ಲಿ ಆರು ಮಂದಿ ಹೊಸದನ್ನೇ ಆರಿಸಿದರು. ಕಣ್ಣು ಹೇಳುವ ಕಥೆಯನ್ನು ಕಿವಿ ನಂಬುತ್ತದೆ ಎಂಬುದಕ್ಕೆ ಇದಕ್ಕಿಂತ ಖಡಕ್ ಪುರಾವೆ ಕಡಿಮೆ.

ಆದರೂ ಇದನ್ನು ಹಲಗೆಗೆ ನೇರವಾಗಿ ಅನ್ವಯಿಸುವಾಗ ಎಚ್ಚರ ಬೇಕು. ಹಳೆ ಪಿಟೀಲಿಗೂ ಹೊಸ ಪಿಟೀಲಿಗೂ ವಸ್ತು ಒಂದೇ, ವಯಸ್ಸು ಬೇರೆ. ತೊಗಲು ಮತ್ತು ಪಾಲಿಯೆಸ್ಟರಿನ ನಡುವೆ ವಸ್ತುವೇ ಬೇರೆ; ಕಣ್ಣು ಮುಚ್ಚಿದರೂ ವ್ಯತ್ಯಾಸ ತಿಳಿಯುತ್ತದೆ. ನೆನಪು ವ್ಯತ್ಯಾಸವನ್ನು ಹುಟ್ಟಿಸುವುದಿಲ್ಲ, ಅದಕ್ಕೆ ಬೆಲೆ ಕಟ್ಟುತ್ತದೆ.

ನಾಲ್ಕನೆಯ ಪಕ್ಷ: ಹೊತ್ತ ಹೆಗಲು ಯಾರದು?

ಮೇಲಿನ ಮೂರೂ ಪಕ್ಷಗಳು ಕೇಳುಗನ ಕಿವಿಯಿಂದ ಅಥವಾ ವಾದ್ಯದ ಪೊರೆಯಿಂದ ಶುರುವಾಗುತ್ತವೆ. ನಾಲ್ಕನೆಯದು ವಾದ್ಯ ಹೊತ್ತವನಿಂದ ಶುರುವಾಗುತ್ತದೆ. ತೊಗಲು ಸುಲಿಯುವುದು, ಹದ ಮಾಡುವುದು, ಮುಚ್ಚುವುದು, ಸಾವಿನ ಮನೆ ಮುಂದೆ ಬಾರಿಸುವುದು, ಇವೆಲ್ಲವನ್ನೂ ಒಂದು ಜಾತಿಯ ಬಿಟ್ಟಿ ಕೆಲಸವನ್ನಾಗಿ ಊರು ಕಟ್ಟಿಹಾಕಿತ್ತು. 1970ರ ದಶಕದ ದಲಿತ ಚಳವಳಿಯ ಕಾಲದಿಂದ ಇದಕ್ಕೆ ಎರಡು ಉತ್ತರಗಳು ಬಂದಿವೆ. ಅವಮಾನದ ಗುರುತಾದ ವಾದ್ಯವನ್ನೇ ಕೆಳಗಿಡೋಣ ಎಂಬುದು ಒಂದು. ಅದೇ ವಾದ್ಯವನ್ನು ಹೋರಾಟದ, ಕಲೆಯ ದನಿಯಾಗಿ ತಲೆಯೆತ್ತಿ ಬಾರಿಸೋಣ ಎಂಬುದು ಇನ್ನೊಂದು. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದದ್ದು ಎರಡನೆಯ ದಾರಿಗೆ ಸಿಕ್ಕ ಮನ್ನಣೆ.

ಶಾಸ್ತ್ರೀಯ ಸಂಗೀತವೂ ಈ ಪ್ರಶ್ನೆಯಿಂದ ತಪ್ಪಿಸಿಕೊಂಡಿಲ್ಲ. ಮೃದಂಗ ತಯಾರಿಸುವ ಕುಟುಂಬಗಳ ಕುರಿತು ಗಾಯಕ ಟಿ.ಎಂ. ಕೃಷ್ಣ 2020ರಲ್ಲಿ ಬರೆದ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಪುಸ್ತಕ, ವೇದಿಕೆಯ ನಾದಕ್ಕೂ ತೊಗಲು ಹದ ಮಾಡುವ ಕೈಗಳಿಗೂ ನಡುವೆ ಜಾತಿ ಎಳೆದ ಗೆರೆಯನ್ನು ಬಿಚ್ಚಿಟ್ಟಿತು.

ಈ ಕೋನದಿಂದ ನೋಡಿದರೆ ಫೈಬರ್ ಬರಿಯ ಅಗ್ಗದ ಬದಲಿಯಲ್ಲ. ಅದಕ್ಕೆ ಹಸಿ ತೊಗಲಿನ ವಾಸನೆ ಇಲ್ಲ, ಯಾರ ಜಾತಿಯ ಗುರುತೂ ಅಂಟಿಲ್ಲ. ಅಂಗಡಿಯಲ್ಲಿ ಕೊಂಡು ಯಾರು ಬೇಕಾದರೂ ಹೆಗಲಿಗೇರಿಸಬಹುದು. ಹಲಗೆ ಮುಟ್ಟದ ಮನೆಗಳ ಹುಡುಗರಿಗೂ ಅದನ್ನು ಎತ್ತಿಕೊಳ್ಳುವುದು ಸುಲಭ. ಆದರೆ ಇದಕ್ಕೊಂದು ಮರುಮಗ್ಗುಲಿದೆ. ಗುರುತು ಅಳಿಸಿದಾಗ ಅವಮಾನದ ಜೊತೆಗೆ ಹಕ್ಕೂ ಅಳಿಯಬಹುದು. ತಲೆಮಾರುಗಳಿಂದ ಕಲೆ ಉಳಿಸಿದವರಿಗೆ ಸಿಗಬೇಕಾದ ಮೆರವಣಿಗೆಯ ಕೂಲಿ ಬೇರೆಯವರ ಪಾಲಾಗಬಹುದು. ಇತ್ತ 2021ರಲ್ಲಿ ಜಾರಿಗೆ ಬಂದ ಜಾನುವಾರು ಹತ್ಯೆ ನಿಷೇಧ ಕಾಯ್ದೆಯ ನಂತರ ತೊಗಲಿನ ವ್ಯವಹಾರವೇ ಅಂಜಿಕೆಯ ನೆರಳಿಗೆ ಬಂದಿದೆ. ಹಾಗಿರುವಾಗ ತೊಗಲು ಬಿಡುವುದನ್ನು ರುಚಿಯ ಬದಲಾವಣೆ ಎಂದಷ್ಟೇ ಓದುವುದು ಸರಿಯಲ್ಲ.

ಐದನೆಯ ಪಕ್ಷ: ಕೇಳುವ ಜಾಗವೇ ಬದಲಾಗಿದೆ

ವಾದ್ಯವೊಂದರ ಗುಣ ಅದನ್ನು ಕೇಳುವ ಜಾಗಕ್ಕೆ ತಕ್ಕದ್ದು ಎಂಬುದು ಈ ಪಕ್ಷದ ಮಾತು. ಮಣ್ಣಿನ ಗೋಡೆ, ಹಂಚು, ಬಯಲು ಇದ್ದ ಊರಿನಲ್ಲಿ ತೊಗಲಿನ ದನಿ ಓಣಿ ದಾಟುತ್ತಿತ್ತು. ಈಗ ಕಾಂಕ್ರೀಟ್ ಗೋಡೆ, ವಾಹನಗಳ ಸದ್ದು, ಹಿಂದೆಯೇ ಬರುವ ಡಿ.ಜೆ. ಗಾಡಿ. ಇದರ ನಡುವೆ ಚೂಪಾಗಿ ಸೀಳಿಕೊಂಡು ಬರುವ ಫೈಬರ್ ದನಿಗೆ ಉಳಿಯುವ ಸಾಧ್ಯತೆ ಹೆಚ್ಚು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧವಿದೆ. ಡಿ.ಜೆ.ಗೆ ಕಡಿವಾಣ ಬಿದ್ದ ಕಡೆ ಹಲಗೆ, ಡೊಳ್ಳು, ತಾಷಾಗಳಿಗೆ ಮತ್ತೆ ಕರೆ ಬರುವ ಅವಕಾಶವೂ ಇದೆ.

ರೆಕಾರ್ಡಿಂಗ್ ಇದೇ ಪಕ್ಷದ ಇನ್ನೊಂದು ಮುಖ. ನಾವು ‘ಹಳೆಯ ದನಿ’ ಎಂದು ನೆನೆಯುವುದರಲ್ಲಿ ವಾದ್ಯದ ಪಾಲೆಷ್ಟು, ಆ ಕಾಲದ ಮೈಕು, ಟೇಪು, ಕ್ಯಾಸೆಟ್ಟಿನ ಪಾಲೆಷ್ಟು? ಇವತ್ತು ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಹಲಗೆ ಕೇಳಿದವನಿಗೆ ತಗ್ಗಿನ ಸ್ವರ ಸಿಗುವುದೇ ಇಲ್ಲ. ಅವನ ಕಿವಿಗೆ ತೊಗಲೂ ಫೈಬರೂ ಹತ್ತಿರ ಹತ್ತಿರ. ಅವನಿಗೆ ಯಾವುದು ‘ಅಸಲಿ’ ಎಂದು ನಾವು ಹೇಗೆ ಹೇಳೋಣ?

ಪಕ್ಷಗಳು ಕೂಡುವುದೆಲ್ಲಿ, ಒಡೆಯುವುದೆಲ್ಲಿ

ಎಲ್ಲವನ್ನೂ ಒಟ್ಟಿಗಿಟ್ಟರೆ ಮೂರು ಮಾತು ಗಟ್ಟಿಯಾಗಿ ಹೇಳಬಹುದು. ತೊಗಲಿಗೂ ಫೈಬರಿಗೂ ದನಿಯಲ್ಲಿ ನಿಜವಾದ ವ್ಯತ್ಯಾಸವಿದೆ. ಅದು ಹಳಬರ ಭ್ರಮೆಯಲ್ಲ. ಆ ವ್ಯತ್ಯಾಸದ ದೊಡ್ಡ ಪಾಲು ಹದ ಮತ್ತು ಹವೆಯಿಂದ ಬರುತ್ತದೆ, ವಸ್ತುವೊಂದರಿಂದಲೇ ಅಲ್ಲ. ಅದಕ್ಕೆ ಕಟ್ಟುವ ಬೆಲೆ ನೆನಪಿನದು, ಮತ್ತು ಆ ನೆನಪು ಬಹುಮಟ್ಟಿಗೆ ಕೇಳಿದವರದು.

ಈ ಕೊನೆಯದೇ ನನ್ನ ದೃಷ್ಟಿಯಲ್ಲಿ ಚರ್ಚೆಯ ತಿರುಳು. ಡ್ರಮ್ ಸೆಟ್ಟಿನ ಲೋಕದಲ್ಲಿ ಹಂಬಲಿಸುವವನೇ ನುಡಿಸುವವನು. ಅವನು ತನ್ನ ದುಡ್ಡು ಕೊಟ್ಟು, ತನ್ನ ಬೆನ್ನು ನೋಯಿಸಿಕೊಂಡು ಹಳೆಯದನ್ನು ಕೊಳ್ಳುತ್ತಾನೆ. ಬಳ್ಳಾರಿಯ ಹಲಗೆಯ ವಿಷಯದಲ್ಲಿ ಹಂಬಲ ಹೆಚ್ಚಾಗಿ ಓಣಿಯ ಅಂಚಿನಲ್ಲಿ ನಿಂತು ಕೇಳಿದವರದು, ಕಾಸಿದ ಕೈ ಮತ್ತು ಹೊತ್ತ ಹೆಗಲು ಬೇರೆಯವರದು. ಹಳೆಯ ನಾದ ಬೇಕು ಎನ್ನುವವರು ಅದರ ಕೂಲಿಯನ್ನೂ ಮರ್ಯಾದೆಯನ್ನೂ ಹೊಸ ಕಾಲದ ದರದಲ್ಲಿ ಕೊಡಲು ಸಿದ್ಧರಿದ್ದಾರೆಯೇ ಎಂದು ಕೇಳದೆ ನಾದದ ಗುಣದ ಮಾತಾಡುವುದು ಅರೆ ಮಾತಾಗುತ್ತದೆ.

ಇನ್ನೂ ತೀರದ ಪ್ರಶ್ನೆಗಳು

ಒಂದು: ಪಿಟೀಲಿಗೆ ಮಾಡಿದಂಥ ಪರೀಕ್ಷೆಯನ್ನು ಹಲಗೆಗೆ ಮಾಡುವುದಾದರೆ ಎಲ್ಲಿ ಮಾಡಬೇಕು? ಮುಚ್ಚಿದ ಕೋಣೆಯಲ್ಲಿ ಗೆದ್ದ ದನಿ ಬಯಲಿನಲ್ಲಿ, ಇಪ್ಪತ್ತು ಹಲಗೆಗಳ ಸಾಲಿನಲ್ಲಿ, ಕುಣಿಯುವ ಕಾಲುಗಳ ನಡುವೆ ಗೆಲ್ಲುತ್ತದೆಯೇ? ತೀರ್ಪು ಕೊಡಬೇಕಾದವರು ಕೇಳುಗರೋ, ಕುಣಿಯುವವರೋ, ಬಾರಿಸುವವರೋ?

ಎರಡು: ತೊಗಲಿನ ಏರಿಳಿತವನ್ನು ಹೊಸ ವಸ್ತುವಿಗೆ ಕೊಡಲು ಬರುತ್ತದೆಯೇ? ಮೃದಂಗಕ್ಕೆ ಸಿಕ್ಕ ಎಂಜಿನಿಯರನ ಗಮನ ಹಲಗೆಗೆ ಸಿಕ್ಕರೆ, ನಾರಿನ ಗುಣವುಳ್ಳ, ಗಿಣಿಗುಟ್ಟದ ಹಾಳೆ ಆಗಲಾರದೇ? ಯಾವ ವಾದ್ಯಕ್ಕೆ ಪ್ರಯೋಗಶಾಲೆ, ಯಾವುದಕ್ಕೆ ಬರಿಯ ಪಾನಾ ಎಂಬುದನ್ನು ತೀರ್ಮಾನಿಸುವವರು ಯಾರು?

ಮೂರು: ಫೈಬರ್ ಜಾತಿಯ ಅಂಟನ್ನು ತೊಳೆಯುತ್ತದೆಯೋ, ಕಲೆಯ ಒಡೆತನವನ್ನೂ ಜೊತೆಗೇ ತೊಳೆದುಬಿಡುತ್ತದೆಯೋ? ದಲಿತ ಚಿಂತನೆಯೊಳಗೇ ಇದಕ್ಕೆ ಒಮ್ಮತವಿಲ್ಲ. ಹೊರಗಿನವರು ಅವಸರದ ಉತ್ತರ ಕೊಡುವ ಪ್ರಶ್ನೆಯೂ ಇದಲ್ಲ.

ನಾಲ್ಕು: ಇನ್ನು ಮೂವತ್ತು ವರ್ಷಕ್ಕೆ, ಫೈಬರ್ ಹಲಗೆ ಕೇಳುತ್ತ ಬೆಳೆದ ಇಂದಿನ ಸಿರುಗುಪ್ಪದ ಹುಡುಗರು ಅದನ್ನೇ ಹಳೆಯ ಚೆಂದದ ದನಿ ಎಂದು ಹಂಬಲಿಸಿದರೆ, ಆಗ ತೊಗಲಿನ ಪರ ವಾದಿಸಲು ಯಾವ ಆಧಾರ ಉಳಿದಿರುತ್ತದೆ? ಲುಡ್ವಿಗ್ ಸೆಟ್ಟಿನ ಕಥೆ ನೋಡಿದರೆ ಇದು ಆಗಿಯೇ ಆಗುತ್ತದೆ ಅನ್ನಿಸುತ್ತದೆ. ಆಗ ಉಳಿಯುವುದು ನಾದದ ವಾದವಲ್ಲ, ಕಸುಬಿನ ವಾದ: ತೊಗಲು ಹದ ಮಾಡಿ ಮುಚ್ಚುವ ವಿದ್ಯೆ ಉಳಿಯಬೇಕೇ, ಉಳಿಯಬೇಕಾದರೆ ಅದನ್ನು ಯಾರು ಕಲಿಯಬೇಕು, ಯಾರು ಸಂಬಳ ಕೊಡಬೇಕು.